ಬ್ರಾನ್ಸನ್ ಸೇಡೋ, ಸೆರ್ವಿಲ್ಲೋ ಸೇಡೋ? ಯಾವುದನ್ನು ಮೊದಲು ನೋಡಬೇಕು

ನಂಬಿದವರೇ ಕೈಕೊಟ್ಟ ಬಾಡಿಗೆ ಹಂತಕ, ಆಮೇಲೆ ಅವನ ಸೇಡು. ಇಟಲಿಯವರು ಇಂಥ ಕಥೆಯ ಸಿನಿಮಾ ಮಾಡೋದರಲ್ಲಿ ಪಳಗಿದವರು. ಒಂದೇ ರಾತ್ರಿ ಬಿಡುವಿದ್ದರೆ 1970ರ ‘ಚಿತ್ತಾ ವಯೊಲೆಂತಾ’ ನೋಡಬೇಕಾ, 2019ರ ‘5 ಎ ಇಲ್ ನೂಮೆರೋ ಪೆರ್ಫೆತ್ತೋ’ ನೋಡಬೇಕಾ?

ಮೊದಲನೆಯದು ಸೆರ್ಜಿಯೋ ಸೊಲ್ಲಿಮಾ ನಿರ್ದೇಶನದ್ದು. ಹೀರೋ ಚಾರ್ಲ್ಸ್ ಬ್ರಾನ್ಸನ್, ಸಂಗೀತ ಎನ್ನಿಯೋ ಮೊರಿಕೋನೆ. ಶುರುವಿನಲ್ಲೇ ಕೆರಿಬಿಯನ್ ದ್ವೀಪವೊಂದರ ಇಕ್ಕಟ್ಟಾದ ರಸ್ತೆಗಳಲ್ಲಿ ಕಾರ್ ಚೇಸ್. ಮಾತೇ ಇಲ್ಲ, ಬರೀ ಇಂಜಿನ್ ಮತ್ತು ಟೈರಿನ ಸದ್ದು, ಆದರೂ ಯಾರು ಯಾರನ್ನು ಯಾಕೆ ಬೆನ್ನಟ್ಟುತ್ತಿದ್ದಾರೆ ಅನ್ನೋ ಭಯ ನಮ್ಮೊಳಗೆ ಇಳಿದುಬಿಡುತ್ತದೆ. ಮಧ್ಯದಲ್ಲಿ ಫ್ಲ್ಯಾಶ್‌ಬ್ಯಾಕ್ ಜಾಸ್ತಿ, ಸ್ವಲ್ಪ ಗೊಂದಲವಾಗುತ್ತದೆ. ಆದರೆ ಕೊನೆಯ ಗಾಜಿನ ಲಿಫ್ಟ್ ದೃಶ್ಯ ಇದೆಯಲ್ಲ, ಅದಕ್ಕೋಸ್ಕರ ಎಲ್ಲವನ್ನೂ ಸಹಿಸಬಹುದು. ಒಂದು ವಿಷಯ, ಕಥೆ ಬಹುಪಾಲು ನಡೆಯೋದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. ಇಟಲಿಯ ಬೀದಿಗಳನ್ನು ನಿರೀಕ್ಷಿಸಬೇಡಿ.

ಬೀದಿಗಳೇ ಬೇಕು ಅಂದರೆ ಎರಡನೆಯದು. ಕಾಮಿಕ್ಸ್ ಕಲಾವಿದ ಇಗೋರ್ತ್ ತನ್ನದೇ ಚಿತ್ರಕಾದಂಬರಿಯನ್ನು ಸಿನಿಮಾ ಮಾಡಿದ್ದಾರೆ. 70ರ ದಶಕದ ನೇಪಲ್ಸ್, ಮಳೆ, ಖಾಲಿ ಓಣಿಗಳು. ಕೆಲಸ ಬಿಟ್ಟಿದ್ದ ಮುದುಕ ಹಂತಕ ಪೆಪ್ಪೀನೋ ಮಗ ಸತ್ತ ಮೇಲೆ ಮತ್ತೆ ಗನ್ ಹಿಡಿಯುತ್ತಾನೆ. ಗುಂಡಿನ ಕಾಳಗ ಇಲ್ಲೂ ಧಾರಾಳ, ಆದರೆ ಕಾಮಿಕ್ಸ್ ಪುಟದ ಹಾಗೆ ಜೋಡಿಸಿದ್ದು, ಹಾಗಾಗಿ ನೋವು ಅಷ್ಟು ತಟ್ಟಲ್ಲ. ತಟ್ಟೋದು ಪೆಪ್ಪೀನೋ ಆಗಿ ನಟಿಸಿದ ತೋನಿ ಸೆರ್ವಿಲ್ಲೋ ಮುಖದಲ್ಲಿರೋ ಅಪ್ಪನ ಸಂಕಟ. ವಲೇರಿಯಾ ಗೊಲೀನೋ ಕೂಡ ಸೊಗಸಾಗಿ ನಟಿಸಿದ್ದಾರೆ.

ನನ್ನ ಓಟು 1970ರದಕ್ಕೇ. ಅಲ್ಲಿ ಮೋಸ ಮಾಡಿದ ಪ್ರೇಯಸಿಯನ್ನು ಬ್ರಾನ್ಸನ್‌ನ ಹಂತಕ ಇನ್ನೂ ಪ್ರೀತಿಸುತ್ತಿದ್ದಾನೆ, ಸೇಡಿಗೆ ಅಷ್ಟು ತೂಕ ಬರೋದೇ ಅದರಿಂದ.