ನಾಲ್ಕು ವರ್ಷ ಯೂಟ್ಯೂಬ್ ಸ್ಟುಡಿಯೊ ಬಳಸಿದ ಮೇಲೆ: ಕುಚ್ಚಿನ ವಿಡಿಯೊ ಹುಡುಕಿದವರಿಗೆ ಸಿಗಬೇಕಾದರೆ

ನಮ್ಮ ಅತ್ತಿಗೆ ಸೀರೆಗೆ ಕುಚ್ಚು ಕಟ್ಟುತ್ತಾರೆ. ಅದನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವ ಕೆಲಸ ನನ್ನದು. ಊರು ಶಿವಮೊಗ್ಗ. 2021ರ ದಸರೆ ಹೊತ್ತಿಗೆ ಚಾನೆಲ್ ಶುರು ಮಾಡಿದೆವು. ಆವತ್ತಿನಿಂದ ಇವತ್ತಿನವರೆಗೆ ನಾನು ದಿನಾ ತೆರೆದು ನೋಡುವ ಸಾಧನ ಯೂಟ್ಯೂಬ್ ಸ್ಟುಡಿಯೊ, ಅಂದರೆ ಚಾನೆಲ್ ನೋಡಿಕೊಳ್ಳಲು ಯೂಟ್ಯೂಬೇ ಕೊಡುವ ಜಾಗ. ದುಡ್ಡು ಕೊಡಬೇಕಿಲ್ಲ, ಚಾನೆಲ್ ಇದ್ದವರಿಗೆಲ್ಲ ಸಿಗುತ್ತದೆ. ನಡುವೆ ಹದಿನಾಲ್ಕು ತಿಂಗಳು ದುಡ್ಡು ಕಟ್ಟಿ ಒಂದು ಕೀವರ್ಡ್ ಟೂಲನ್ನೂ, ಅಂದರೆ ಜನ ಯಾವ ಪದ ಹುಡುಕುತ್ತಾರೆ ಅಂತ ಹೇಳುವ ಸಾಧನವನ್ನೂ ಬಳಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ. ಅಡುಗೆ, ಹೊಲಿಗೆ, ರಂಗೋಲಿ, ಕೃಷಿ ಅಂತ ಕನ್ನಡದಲ್ಲಿ ಕಲಿಸುವ ವಿಡಿಯೊ ಮಾಡುವವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರಬಹುದು. ಯಾಕೆಂದರೆ ಇಂಥ ವಿಡಿಯೊಗಳನ್ನು ಜನ ಹುಡುಕಿಕೊಂಡೇ ಬರುತ್ತಾರೆ.

ನಮ್ಮ ಮೊದಲ ವಿಡಿಯೊದ ಶೀರ್ಷಿಕೆ ‘ಕುಚ್ಚು ಭಾಗ 1’. ಮುಂದೆ ಚಾನೆಲ್ಲಿನ ಹೆಸರು, ಅಷ್ಟೇ. ಮೂವತ್ತೆಂಟು ನಿಮಿಷದ ವಿಡಿಯೊ. ಅತ್ತಿಗೆ ಬಹಳ ಚೆನ್ನಾಗಿ ಹೇಳಿಕೊಟ್ಟಿದ್ದರು. ನೋಡಿದವರು ನೆಂಟರು, ಪಕ್ಕದ ಮನೆಯವರು, ಬಿಟ್ಟರೆ ಅತ್ತಿಗೆಯ ತವರಿನವರು. ‘ಭಾಗ 1’ ಅಂತ ಟೈಪ್ ಮಾಡಿ ಯಾರು ಹುಡುಕುತ್ತಾರೆ? ಆ ಪ್ರಶ್ನೆ ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು.

ಹೊಳೆದದ್ದು ಸ್ಟುಡಿಯೊದ ಒಂದು ಪಟ್ಟಿ ನೋಡಿ. ಯಾವುದೇ ವಿಡಿಯೊದ ಅನಾಲಿಟಿಕ್ಸ್ (ಅಂಕಿಅಂಶದ ಪುಟ) ತೆರೆದು, ರೀಚ್ ಅನ್ನುವ ಟ್ಯಾಬಿಗೆ ಹೋದರೆ ನೋಡುಗರು ಎಲ್ಲಿಂದ ಬಂದರು ಅಂತ ತೋರಿಸುತ್ತದೆ: ಹೋಮ್ ಪೇಜಿನಿಂದ ಬಂದವರು, ಬೇರೆ ವಿಡಿಯೊ ಪಕ್ಕದಲ್ಲಿ ಸಲಹೆಯಾಗಿ ಕಂಡು ಬಂದವರು, ವಾಟ್ಸಾಪ್ ಮುಂತಾದ ಹೊರಗಿನ ಕಡೆಯಿಂದ ಬಂದವರು, ಯೂಟ್ಯೂಬಿನಲ್ಲಿ ಹುಡುಕಿ ಬಂದವರು. ಈ ಹುಡುಕಿ ಬಂದವರ ಸಾಲನ್ನು ಒತ್ತಿದರೆ ಅವರು ಟೈಪ್ ಮಾಡಿದ ಪದಗಳು ಬಿಚ್ಚಿಕೊಳ್ಳುತ್ತವೆ. ನಾನು ಮೊದಲ ಸಲ ನೋಡಿದಾಗ ಅಲ್ಲಿ ಇದ್ದದ್ದು ಏಳೋ ಎಂಟೋ ಸಾಲು. ಅದರಲ್ಲಿ ಒಂದು ಸಾಲನ್ನು ಅತ್ತಿಗೆಗೆ ಓದಿ ಹೇಳಿದೆ: ‘ಸೀರೆ ಕುಚ್ಚು ಗಂಟು ಬಿಚ್ಚದ ಹಾಗೆ ಕಟ್ಟೋದು’.

ಅತ್ತಿಗೆ ಸೂಜಿ ಕೆಳಗಿಟ್ಟರು. “ಇದನ್ನ ನಾವು ಎಲ್ಲೂ ಹೇಳೇ ಇಲ್ವಲ್ಲೇ ಮಾರಾಯ್ತಿ” ಅಂದರು.

ಹೌದು, ಹೇಳಿರಲಿಲ್ಲ. ಅತ್ತಿಗೆಗೆ ಅದು ಕೈಗೆ ಬಂದು ಇಪ್ಪತ್ತು ವರ್ಷ ಆಗಿದ್ದರಿಂದ ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ. ರೇಷ್ಮೆ ದಾರ ಜಾರುತ್ತದೆ. ಹೊಸದಾಗಿ ಕಲಿಯುವವರು ಕಟ್ಟಿದ ಕುಚ್ಚು ಎರಡು ಸಲ ಸೀರೆ ಉಟ್ಟು ಮಡಚುವಷ್ಟರಲ್ಲಿ ಸಡಿಲವಾಗುತ್ತದೆ. ಮಾರನೆಯ ದಿನವೇ ಆರು ನಿಮಿಷದ ವಿಡಿಯೊ ಮಾಡಿದೆವು. ದಾರವನ್ನು ಕುಚ್ಚಿನ ಕುತ್ತಿಗೆಗೆ ಎಷ್ಟು ಸುತ್ತಬೇಕು, ತುದಿಯನ್ನು ಸೂಜಿಯಿಂದ ಒಳಕ್ಕೆ ಹೇಗೆ ಎಳೆಯಬೇಕು, ಗಂಟಿನ ಬುಡಕ್ಕೆ ಒಂದೇ ಹನಿ ಗಮ್ ಎಲ್ಲಿ ಬೀಳಬೇಕು, ಅಷ್ಟೇ. ಶೀರ್ಷಿಕೆಗೆ ಆ ಹೆಣ್ಣುಮಗಳು ಟೈಪ್ ಮಾಡಿದ್ದ ಮಾತನ್ನೇ ಹೆಚ್ಚುಕಡಿಮೆ ಹಾಗೇ ಇಟ್ಟೆ. ನಾಲ್ಕು ವರ್ಷ ಆಗುತ್ತಾ ಬಂತು, ನಮ್ಮ ಚಾನೆಲ್ಲಿಗೆ ಹುಡುಕಿ ಬರುವವರನ್ನು ಈಗಲೂ ಹೆಚ್ಚು ತರುವುದು ಅದೇ ವಿಡಿಯೊ.

ಸ್ಟುಡಿಯೊಗೆ ನಾನು ಕೊಡುವ ಅಂಕದಲ್ಲಿ ಮುಕ್ಕಾಲು ಪಾಲು ಈ ಒಂದು ಪಟ್ಟಿಗೆ ಸಲ್ಲಬೇಕು. ಅಲ್ಲಿ ಕಾಣುವುದು ನಮ್ಮದೇ ನೋಡುಗರ ಬಾಯಿಮಾತು. ನಾವು ‘ಪಲ್ಲು ಟ್ಯಾಸೆಲ್ ಡಿಸೈನ್’ ಅಂತ ಅಲಂಕಾರ ಮಾಡಿ ಬರೆದರೆ ಅವರು ‘ಸೆರಗಿಗೆ ಗೊಂಡೆ ಹಾಕೋದು’ ಅಂತ ಹುಡುಕುತ್ತಿರುತ್ತಾರೆ. ಉತ್ತರ ಕರ್ನಾಟಕದವರು ಕೇಳುವ ರೀತಿ ಬೇರೆ, ಮೈಸೂರು ಕಡೆಯವರದು ಬೇರೆ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರ ಪ್ರಪಂಚವೇ ಬೇರೆ. ‘ಕುಚ್ಚು’ ಅನ್ನುವುದಕ್ಕೆ ಒಂದೇ ‘ಸಿ’ ಹಾಕುವವರಿದ್ದಾರೆ, ಎರಡು ‘ಸಿ’ ಹಾಕುವವರಿದ್ದಾರೆ, ‘ಎಚ್’ ಎರಡು ಸಲ ಒತ್ತುವವರಿದ್ದಾರೆ. ‘ಸೀರೆ’ಗೆ ಎರಡು ‘ಇ’ ಹಾಕುವವರು ಕೆಲವರು, ಇಂಗ್ಲಿಷಿನ ‘ಸ್ಯಾರಿ’ ಬರೆಯುವವರು ಬಹಳ ಜನ.

ಟ್ಯಾಗ್, ಅಂದರೆ ವಿಡಿಯೊ ಹಾಕುವಾಗ ಜೊತೆಗೆ ಬರೆದುಕೊಡುವ ಗುರುತಿನ ಪದಗಳ ವಿಷಯಕ್ಕೆ ಇಲ್ಲೇ ಬರುತ್ತೇನೆ. ಮೊದಲೆರಡು ವರ್ಷ ನಾನು ಟ್ಯಾಗ್ ಹಾಕಲು ಅರ್ಧ ಗಂಟೆ ಕಳೆಯುತ್ತಿದ್ದೆ. 500 ಅಕ್ಷರದ ಮಿತಿ ತುಂಬುವ ತನಕ ಸಮಾಧಾನ ಇರುತ್ತಿರಲಿಲ್ಲ. ಯೂಟ್ಯೂಬಿನ ಸಹಾಯ ಪುಟದಲ್ಲೇ ಸ್ಪಷ್ಟವಾಗಿ ಇದೆ: ವಿಡಿಯೊ ಸಿಗುವುದರಲ್ಲಿ ಟ್ಯಾಗಿನ ಪಾತ್ರ ಬಹಳ ಸಣ್ಣದು, ಜನ ಸಾಮಾನ್ಯವಾಗಿ ತಪ್ಪಾಗಿ ಟೈಪ್ ಮಾಡುವ ಪದ ಇದ್ದರೆ ಉಪಯೋಗ ಆಗಬಹುದು. ನಮ್ಮದು ಸರಿಯಾಗಿ ಅಂಥ ಪದವೇ. ಈಗ ಟ್ಯಾಗಿನಲ್ಲಿ ಈ ಸ್ಪೆಲಿಂಗ್‌ಗಳನ್ನು ಮಾತ್ರ ಹಾಕಿ ಎರಡು ನಿಮಿಷದಲ್ಲಿ ಮುಗಿಸುತ್ತೇನೆ. ಆ ಅರ್ಧ ಗಂಟೆ ಶೀರ್ಷಿಕೆಗೂ ಥಂಬ್‌ನೇಲಿಗೂ (ವಿಡಿಯೊದ ಮುಖಚಿತ್ರ) ಹೋಗುತ್ತದೆ. ಡಿಸ್ಕ್ರಿಪ್ಷನ್‌ನಲ್ಲಿ (ವಿಡಿಯೊದ ಕೆಳಗೆ ಬರೆಯುವ ವಿವರಣೆ) ಟ್ಯಾಗ್‌ಗಳನ್ನು ರಾಶಿ ಸುರಿಯುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ, ಅದನ್ನು ಯಾರೂ ಮಾಡಬೇಡಿ.

ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಬೇಕು. ‘ಕುಚ್ಚು’ ನಮ್ಮ ಕಣ್ಣಿಗೆ ಎರಡಕ್ಷರ, ಎಣಿಕೆಗೆ ಆರು: ಕ, ಕೊಂಬು, ಚ, ವಿರಾಮ (ಅರ್ಧಾಕ್ಷರದ ಗುರುತು), ಚ, ಮತ್ತೊಂದು ಕೊಂಬು. ಒತ್ತಕ್ಷರ ಜಾಸ್ತಿ ಇದ್ದಷ್ಟು ಜಾಗ ಬೇಗ ಮುಗಿಯುತ್ತದೆ. ಮೊಬೈಲಿನಲ್ಲಂತೂ ಉದ್ದದ ಶೀರ್ಷಿಕೆಯ ಬಾಲ ಕಾಣುವುದೇ ಇಲ್ಲ. ಹಾಗಾಗಿ ಮುಖ್ಯವಾದ ಮಾತು ಮೊದಲು. ಅದನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಸೇರಿಸುತ್ತೇನೆ. ಡಿಸ್ಕ್ರಿಪ್ಷನ್‌ಗೆ 5000 ಅಕ್ಷರದ ಜಾಗ ಇದೆ. ನಾನು ತುಂಬಿಸಲು ಹೋಗುವುದಿಲ್ಲ. ಮೊದಲ ಎರಡು ಸಾಲಿನಲ್ಲಿ ಏನು ಕಲಿಸುತ್ತೇವೆ, ಯಾವ ದಾರ, ಎಷ್ಟು ಎಳೆ, ಯಾವ ಸೂಜಿ ಅಂತ ಮನುಷ್ಯರಿಗೆ ಹೇಳುವ ಹಾಗೆ ಬರೆಯುತ್ತೇನೆ.

ಈಗ ಆ ದುಡ್ಡಿನ ಟೂಲ್. ಹೆಸರು ಬೇಡ. ಬ್ರೌಸರಿಗೆ ಹಾಕಿಕೊಳ್ಳುವ ಎಕ್ಸ್‌ಟೆನ್ಷನ್. ಪ್ರತಿ ಪದಕ್ಕೂ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ, ಹಸಿರು ಬಂದರೆ ಒಳ್ಳೆಯದು. ನಾನು ಹಸಿರಿನ ಹಿಂದೆ ಬಿದ್ದೆ. ಕನ್ನಡ ಲಿಪಿಯಲ್ಲಿ ‘ಬೇಬಿ ಕುಚ್ಚು’ ಹಾಕಿದರೆ ಹುಡುಕಾಟ ಸೊನ್ನೆ ಅಂತ ತೋರಿಸುತ್ತಿತ್ತು. ಅದೇ ದಿನ ಸ್ಟುಡಿಯೊದಲ್ಲಿ ಅದೇ ಪದದಿಂದ ಜನ ಬಂದಿರುವುದು ನನ್ನ ಕಣ್ಣೆದುರಿಗೇ ಇತ್ತು. ಆದರೂ ನಾನು ಟೂಲನ್ನೇ ನಂಬಿದೆ. ಅದು ಹೇಳಿದ ಹಾಗೆ ಶೀರ್ಷಿಕೆಗಳಿಗೆ ‘ಲೇಟೆಸ್ಟ್’, ‘ಈಸಿ’, ‘ಬಿಗಿನರ್ಸ್’, ‘ನ್ಯೂ ಡಿಸೈನ್ಸ್’ ಅಂತ ಇಂಗ್ಲಿಷ್ ಪದಗಳನ್ನು ತುರುಕಿದೆ. ಅಂಕ ತೊಂಬತ್ತಕ್ಕೆ ಏರಿತು. ಹುಡುಕಿ ಬರುವವರು ಕಡಿಮೆಯಾದರು. ಕಾರಣ ಆಮೇಲೆ ತಿಳಿಯಿತು. ಆ ಸಾಮಾನ್ಯ ಪದಗಳಲ್ಲಿ ದೇಶದ ದೊಡ್ಡ ದೊಡ್ಡ ಕ್ರಾಫ್ಟ್ ಚಾನೆಲ್‌ಗಳ ಜೊತೆ ನಿಲ್ಲಬೇಕಿತ್ತು. ನಮ್ಮವರು ಕೇಳುವ ಮಾತು ನಮ್ಮ ಶೀರ್ಷಿಕೆಯಿಂದಲೇ ಮಾಯವಾಗಿತ್ತು. ಹಳೆಯ ಶೀರ್ಷಿಕೆಗಳನ್ನು ಒಂದೊಂದಾಗಿ ವಾಪಸ್ ಹಾಕಲು ಒಂದು ವಾರ ಹಿಡಿಯಿತು. ಹದಿನಾಲ್ಕನೇ ತಿಂಗಳಿಗೆ ಟೂಲ್ ನಿಲ್ಲಿಸಿದೆ. ಇಂಗ್ಲಿಷಿನಲ್ಲಿ ವಿಡಿಯೊ ಮಾಡುವವರಿಗೆ ಅಂಥದ್ದು ಅನುಕೂಲ ಆಗಬಹುದು, ನನ್ನ ಅನುಭವ ಕನ್ನಡದ್ದು ಮಾತ್ರ.

ಅದೇ ಕಾಲಕ್ಕೆ ಫೋನ್ ಮಾಡಿ ‘ಮೊದಲ ಸ್ಥಾನ ಗ್ಯಾರಂಟಿ’ ಅಂದವರ ಮಾತಿಗೂ ಒಮ್ಮೆ ಒಪ್ಪಿಕೊಂಡೆ. ಎರಡು ದಿನದಲ್ಲಿ ವ್ಯೂಸ್ ಏರಿತು, ಆದರೆ ಬಂದವರು ಸರಾಸರಿ ಒಂಬತ್ತು ಸೆಕೆಂಡ್ ಕೂಡ ನಿಲ್ಲಲಿಲ್ಲ. ದುಡ್ಡು ಕೊಟ್ಟು ನಕಲಿ ವ್ಯೂಸ್ ತರಿಸುವುದು ಯೂಟ್ಯೂಬಿನ ನಿಯಮದಲ್ಲಿ ನಿಷಿದ್ಧ, ಚಾನೆಲ್ಲೇ ಹೋಗಬಹುದು. ಭಯಪಟ್ಟು ಆ ವಿಡಿಯೊವನ್ನೇ ತೆಗೆದುಹಾಕಿದೆ. ಅತ್ತಿಗೆ ಎರಡು ರಾತ್ರಿ ಕೂತು ಕಟ್ಟಿದ್ದ ಕ್ರೋಶಾ ಕುಚ್ಚು ಅದು. ನೆನೆಸಿಕೊಂಡರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಯೂಟ್ಯೂಬ್ ತನ್ನ ಹುಡುಕಾಟದ ಬಗ್ಗೆ ಮೂರು ವಿಷಯ ಹೇಳುತ್ತದೆ: ಹುಡುಕಿದ ಮಾತಿಗೆ ವಿಡಿಯೊ ಎಷ್ಟು ಹೊಂದುತ್ತದೆ, ಆ ಮಾತಿಗೆ ಬಂದವರು ಎಷ್ಟು ಹೊತ್ತು ನೋಡುತ್ತಾರೆ, ಆ ವಿಷಯದಲ್ಲಿ ಚಾನೆಲ್ ಎಷ್ಟು ನಂಬಿಕೆಗೆ ಅರ್ಹ. ಮೊದಲನೆಯದನ್ನು ಶೀರ್ಷಿಕೆಯಿಂದ ಸರಿಮಾಡಬಹುದು. ಎರಡನೆಯದಕ್ಕೆ ವಿಡಿಯೊವನ್ನೇ ತಿದ್ದಬೇಕು. ಇದನ್ನು ನನಗೆ ಕಲಿಸಿದ್ದು ಸ್ಟುಡಿಯೊದ ರಿಟೆನ್ಷನ್ ಗ್ರಾಫ್. ಮೂವತ್ತನೇ ಸೆಕೆಂಡಿಗೆ ನೂರಕ್ಕೆ ಎಷ್ಟು ಜನ ಉಳಿದಿದ್ದಾರೆ ಅಂತ ಅದು ಬಿಡಿಸಿ ತೋರಿಸುತ್ತದೆ. ನಮ್ಮ ಹಳೆಯ ವಿಡಿಯೊಗಳಲ್ಲಿ ಗೆರೆ ಬಾವಿಗೆ ಬಿದ್ದ ಹಾಗೆ ಇಳಿಯುತ್ತಿತ್ತು. ಯಾಕೆ ಅಂತ ನಾವಿಬ್ಬರೂ ಕೂತು ನೋಡಿದೆವು. ಮೊದಲ ಐವತ್ತು ಸೆಕೆಂಡು ‘ಎಲ್ಲರಿಗೂ ನಮಸ್ಕಾರ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಐಕನ್ ಒತ್ತಿ’. ಅಂದಿನಿಂದ ವಿಡಿಯೊ ಶುರುವಾಗುವುದೇ ಕಟ್ಟಿ ಮುಗಿದ ಕುಚ್ಚಿನ ಮೇಲೆ. ಅತ್ತಿಗೆಯ ಬೆರಳು ಸೆರಗನ್ನು ಅಲ್ಲಾಡಿಸುತ್ತದೆ, ಕುಚ್ಚು ಸಾಲಾಗಿ ತೂಗುತ್ತದೆ, ‘ಇದನ್ನ ಇವತ್ತು ಕಟ್ಟೋಣ’ ಅನ್ನುತ್ತಾರೆ, ನೇರವಾಗಿ ದಾರ. ನಮಸ್ಕಾರ ಕೊನೆಗೆ ಹೋಯಿತು. “ಮೊದ್ಲೇ ನಮಸ್ಕಾರ ಹೇಳ್ದೆ ಹೋದ್ರೆ ಹೇಗೆ” ಅಂತ ಅತ್ತಿಗೆಗೆ ಬಹಳ ದಿನ ಬೇಸರ ಇತ್ತು. ಅವರ ಮಾತಿನಲ್ಲಿ ನ್ಯಾಯವೂ ಇದೆ.

ವಿಡಿಯೊವನ್ನು ಹೆಸರಿಟ್ಟ ಭಾಗಗಳಾಗಿ ತೋರಿಸುವ ಚಾಪ್ಟರ್ ಸೌಲಭ್ಯವನ್ನು ಕಲಿಸುವ ವಿಡಿಯೊದವರು ಬಿಡಲೇಬಾರದು. ಡಿಸ್ಕ್ರಿಪ್ಷನ್‌ನಲ್ಲಿ 00:00ರಿಂದ ಶುರುಮಾಡಿ ಕನಿಷ್ಠ ಮೂರು ಸಮಯಗಳನ್ನು ಕ್ರಮವಾಗಿ ಬರೆಯಬೇಕು, ಪ್ರತಿ ಭಾಗ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ‘ದಾರ ಸುತ್ತುವುದು’, ‘ಮಣಿ ಪೋಣಿಸುವುದು’, ‘ಗಂಟು’, ‘ತುದಿ ಕತ್ತರಿಸುವುದು’ ಅಂತ ಹೆಸರು ಕೊಡುತ್ತೇವೆ. ಗೂಗಲ್‌ನಲ್ಲಿ ಹುಡುಕಿದಾಗಲೂ ಕೆಲವೊಮ್ಮೆ ಈ ಭಾಗಗಳು ಕಾಣುತ್ತವೆ, ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಕೈಯಲ್ಲಿ ದಾರ ಹಿಡಿದು ಕೂತವರು ಗಂಟಿನ ಜಾಗಕ್ಕೆ ನಾಲ್ಕು ಸಲ ವಾಪಸ್ ಬರುತ್ತಾರೆ. ಗ್ರಾಫಿನಲ್ಲಿ ಅಲ್ಲಿ ಗೆರೆ ಉಬ್ಬಿರುವುದು ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ. ಅಲ್ಲಿ ಯಾರೋ ಕಲಿಯುತ್ತಿದ್ದಾರೆ.

ಥಂಬ್‌ನೇಲನ್ನು ನಾನು 1280 ಬೈ 720 ಪಿಕ್ಸೆಲ್ ಅಳತೆಯಲ್ಲಿ ಮಾಡುತ್ತೇನೆ. ನಮ್ಮದೇ ಚಿತ್ರ ಹಾಕಬೇಕಾದರೆ ಮೊದಲು ಫೋನ್ ನಂಬರ್ ದೃಢೀಕರಿಸಿರಬೇಕು. 2024ರಲ್ಲಿ ಬಂದ ‘ಟೆಸ್ಟ್ ಆ್ಯಂಡ್ ಕಂಪೇರ್’ನಲ್ಲಿ ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ತನಕ ಹಾಕಿ ಪರೀಕ್ಷಿಸಬಹುದು, ಕಂಪ್ಯೂಟರಿನಲ್ಲಿ ಮಾಡಬೇಕು. ಗೆದ್ದದ್ದು ಯಾವುದು ಅಂತ ನಿರ್ಧರಿಸುವುದು ನೋಡಿದ ಸಮಯದ ಲೆಕ್ಕದಲ್ಲಿ. ಹಾಗಾಗಿ ಸುಳ್ಳು ಆಸೆ ತೋರಿಸಿ ಕ್ಲಿಕ್ ಮಾಡಿಸುವ ಚಿತ್ರಕ್ಕೆ ಇದರಲ್ಲಿ ಲಾಭವಿಲ್ಲ. ಒಂದು ಮೊಳಕಾಲ್ಮೂರು ಸೀರೆಯ ಕುಚ್ಚಿಗೆ ನಾನು ಮೂರು ಚಿತ್ರ ಹಾಕಿದ್ದೆ: ಅತ್ತಿಗೆಯ ನಗುಮುಖ, ಹರಡಿದ ಸೀರೆ, ಬೆರಳ ಮೇಲೆ ಇಟ್ಟ ಎರಡೇ ಕುಚ್ಚು. ಗೆದ್ದದ್ದು ಬೆರಳು. ಇಂಪ್ರೆಷನ್‌ಗೆ, ಅಂದರೆ ಥಂಬ್‌ನೇಲ್ ಕಣ್ಣಿಗೆ ಬಿದ್ದ ಪ್ರತಿ ನೂರು ಸಲಕ್ಕೆ, ಎಷ್ಟು ಸಲ ಕ್ಲಿಕ್ ಆಯಿತು ಅನ್ನುವ ಸಂಖ್ಯೆ ನೋಡಿ ಹೊಸಬರು ಕುಗ್ಗುತ್ತಾರೆ. ಯೂಟ್ಯೂಬ್ ಹೇಳುವಂತೆ ಅರ್ಧದಷ್ಟು ಚಾನೆಲ್‌ಗಳಲ್ಲಿ ಅದು ಶೇ. 2ರಿಂದ 10ರ ನಡುವೆ ಇರುತ್ತದೆ. ನಾಲ್ಕು ಬಂದರೆ ನಿರಾಶೆ ಪಡಬೇಡಿ.

ಸಬ್‌ಟೈಟಲ್‌ಗಳನ್ನು ನಾನೇ ಟೈಪ್ ಮಾಡುತ್ತೇನೆ. ಬಹಳ ಹೊತ್ತು ಹಿಡಿಯುತ್ತದೆ. ಕಿವಿ ಕೇಳದ ಒಬ್ಬ ತಾಯಿ ಕಾಮೆಂಟಿನಲ್ಲಿ ಕೇಳಿಕೊಂಡಿದ್ದರು, ಅವರಿಗಾಗಿ ಶುರುವಾದದ್ದು. ಹುಡುಕಾಟದಲ್ಲಿ ಮೇಲೆ ಬರಲು ಎಷ್ಟು ಸಹಾಯ ಅಂತ ಲೆಕ್ಕ ಹಾಕಲು ಹೋಗಿಲ್ಲ.

ಸಮಯದ ಬಗ್ಗೆ ಒಂದು ಮಾತು. ಗೂಗಲ್ ಟ್ರೆಂಡ್ಸ್‌ನಲ್ಲಿ ‘ಯೂಟ್ಯೂಬ್ ಸರ್ಚ್’ ಆರಿಸಿ, ಜಾಗ ಕರ್ನಾಟಕ ಅಂತ ಕೊಟ್ಟು ನೋಡಬಹುದು. ಇದೂ ಉಚಿತ. ಬಹಳ ಸಣ್ಣ ಪದಗಳಿಗೆ ಅದರಲ್ಲಿ ಗೆರೆ ಮೂಡುವುದಿಲ್ಲ, ದೊಡ್ಡ ಪದಗಳಿಗೆ ಮಾತ್ರ. ನಮ್ಮ ಚಾನೆಲ್ಲಿನ ಗ್ರಾಫ್ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಏರುತ್ತದೆ, ಆಮೇಲೆ ಮದುವೆ ಕಾಲದಲ್ಲಿ. ಹಬ್ಬದ ವಾರ ಹಾಕಿದ ವಿಡಿಯೊ ಹಬ್ಬ ಮುಗಿದ ನಂತರ ಹುಡುಕಾಟದಲ್ಲಿ ಮೇಲೆ ಬಂದು ಏನು ಪ್ರಯೋಜನ? ಆಷಾಢದಲ್ಲೇ ಹಾಕಿಬಿಡುತ್ತೇವೆ.

ಸ್ಟುಡಿಯೊಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಯಾಕೆಂದರೆ ಒಂದೇ ಪದದ ಹತ್ತು ಸ್ಪೆಲಿಂಗ್‌ಗಳನ್ನು ಅದು ಹತ್ತು ಸಾಲಾಗಿ ತೋರಿಸುತ್ತದೆ. ಒಟ್ಟು ಎಷ್ಟು ಅಂತ ನಾವೇ ಕೂಡಿಸಿಕೊಳ್ಳಬೇಕು. ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಭಾನುವಾರ ಬರೆದುಕೊಳ್ಳುತ್ತೇನೆ. ಎಡಗಡೆ ಜನ ಟೈಪ್ ಮಾಡಿದ ಮಾತು, ಬಲಗಡೆ ನಾವು ಅದಕ್ಕೆ ವಿಡಿಯೊ ಮಾಡಿದ್ದೇವೋ ಇಲ್ಲವೋ. ಕಳೆದ ಭಾನುವಾರ ಎಡಗಡೆ ಬಂದ ಹೊಸ ಸಾಲು ‘ಅಮ್ಮನ ಹಳೇ ಸೀರೆ ಕುಚ್ಚು ತೆಗೆದು ಹೊಸದಕ್ಕೆ ಹಾಕೋದು’. ಬಲಗಡೆ ಖಾಲಿ ಇದೆ. ಅತ್ತಿಗೆ ಬೀರುವಿನಿಂದ ನಮ್ಮ ಅಮ್ಮನ ಸೀರೆ ತೆಗೆದಿಟ್ಟಿದ್ದಾರೆ.