ಐಐಡಬ್ಲ್ಯೂಗೆ ಹೋಗೋದಾ, ಆಥೆಂಟಿಕೇಟ್‌ಗೆ ಹೋಗೋದಾ?

ಲಾಗಿನ್, ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಇಲ್ಲಾ ಪಿನ್‌ನಲ್ಲೇ ಲಾಗಿನ್ ಆಗೋ ಡಿಜಿಟಲ್ ಕೀಲಿ), ಡಿಜಿಟಲ್ ಐಡಿ ಅಂತ ಕೆಲಸ ಮಾಡೋರಿಗೆ ಅಕ್ಟೋಬರ್ ಬಂತಂದ್ರೆ ಇದೇ ತಲೆನೋವು, ಈ ಎರಡು ಸಮ್ಮೇಳನಾನೂ ಸಾಮಾನ್ಯವಾಗಿ ಅದೇ ತಿಂಗಳು, ಎರಡೂ ಕ್ಯಾಲಿಫೋರ್ನಿಯಾದಲ್ಲೇ, ಆಫೀಸ್‌ನೋರು ದುಡ್ಡು ಕೊಡೋದು ಮಾತ್ರ ಒಂದಕ್ಕೆ. ನಾನು ಬೇರೆ ಬೇರೆ ವರ್ಷ ಎರಡಕ್ಕೂ ಹೋಗಿದ್ದೆ.

ಆಥೆಂಟಿಕೇಟ್, ಪಾಸ್‌ಕೀ ನಿಯಮ ರೂಪಿಸೋ ಕಂಪನಿಗಳ ಒಕ್ಕೂಟ ಫಿಡೋ ಅಲಯನ್ಸ್ ನಡೆಸೋದು, ಈಚೆಗೆ ಸ್ಯಾನ್ ಡಿಯಾಗೋ ಹತ್ರದ ಕಾರ್ಲ್ಸ್‌ಬ್ಯಾಡ್‌ನಲ್ಲಿ. ರೆಸಾರ್ಟು, ಕೀನೋಟು, ಸ್ಟಾಲು, ಎಲ್ಲ ಅಚ್ಚುಕಟ್ಟು. 2022ರ ಮೇನಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಪಾಸ್‌ಕೀಗೆ ಹೂಂ ಅಂದ್ಮೇಲೆ ಅಲ್ಲಿ ಮಾತೆಲ್ಲ ಅದರ ಸುತ್ತಾನೇ. ಪಾಸ್‌ಕೀ ಮಾಡ್ಕೊಳ್ಳಿ ಅಂತ ಜನರನ್ನ ಯಾವಾಗ ಕೇಳಬೇಕು, ಫೋನ್ ಕಳ್ಕೊಂಡೋರಿಗೆ ಅಕೌಂಟ್ ವಾಪಸ್ ಹೇಗೆ ಕೊಡೋದು, ಹಿಂಬಾಗಿಲಲ್ಲಿ ಪಾಸ್‌ವರ್ಡು ಒಟಿಪಿ ಹಾಗೇ ಬಿಟ್ರೆ ಕಳ್ಳ ಅಲ್ಲಿಂದಾನೇ ಬರ್ತಾನಲ್ಲ, ಇಂಥದ್ದಕ್ಕೆ ನಿಜವಾಗಿ ಮಾಡಿ ನೋಡಿದೋರ ಉತ್ತರ ಸಿಗುತ್ತೆ. ಆದ್ರೆ ಸ್ಪಾನ್ಸರ್ ಟಾಕ್‌ಗಳು ಬೋರು, ಆ ಹೊತ್ತಲ್ಲಿ ಕಾಫಿಗೆ ಹೋಗೋದೇ ವಾಸಿ.

ಐಐಡಬ್ಲ್ಯೂ, ಅಂದ್ರೆ ಇಂಟರ್‌ನೆಟ್ ಐಡೆಂಟಿಟಿ ವರ್ಕ್‌ಶಾಪ್, ಇದರ ಗಮ್ಮತ್ತೇ ಬೇರೆ. 2005ರಲ್ಲಿ ಬರ್ಕ್ಲಿಯಲ್ಲಿ ಶುರುವಾಗಿದ್ದು, ಈಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಮೂರು ದಿನ. ಕೀನೋಟೂ ಇಲ್ಲ, ಮೊದಲೇ ಬರೆದಿಟ್ಟ ಅಜೆಂಡಾನೂ ಇಲ್ಲ. ಬೆಳಿಗ್ಗೆ ಎಲ್ಲರೂ ದುಂಡಗೆ ಕೂತ್ಕೋತಾರೆ, ಮಾತಾಡೋ ವಿಷಯ ಇರೋರು ಎದ್ದು ಹೇಳಿ ಹಾಳೆ ತಗೊಂಡೋಗಿ ಗೋಡೆಗೆ ಅಂಟಿಸ್ತಾರೆ, ಅದೇ ಅವತ್ತಿನ ಕಾರ್ಯಕ್ರಮ. ಸೆಷನ್ ಹಿಡಿಸಲಿಲ್ವಾ, ಎದ್ದು ಹೋಗಬಹುದು, ಯಾರೂ ಏನೂ ಅಂದ್ಕೊಳಲ್ಲ. ಓಪನ್‌ಐಡಿ, ಓಆತ್ ಥರದ, ಲಾಗಿನ್‌ಗೆ ಅನುಮತಿಗೆ ಬಳಸೋ ಸ್ಪೆಕ್ (ತಾಂತ್ರಿಕ ನಿಯಮ) ಬರೆದೋರು ಪಕ್ಕದ ಕುರ್ಚಿಯಲ್ಲೇ ಇರ್ತಾರೆ, ಈ ಲೈನ್ ಯಾಕ್ರೀ ಹಿಂಗೆ ಬರೆದ್ರಿ ಅಂತ ನೇರ ಕೇಳಬಹುದು.

ನಾವು ಭಾರತದೋರು ಅಂತ ಗೊತ್ತಾದ್ರೆ ಆಧಾರ್ ಬಗ್ಗೆ ಕೇಳೇ ಕೇಳ್ತಾರೆ. ಪ್ರತಿ ಸಲ ದೃಢೀಕರಣಕ್ಕೂ ಕೇಂದ್ರದ ಸರ್ವರ್ ಕೇಳಬೇಕಾ, ಫೋನಿನ ಡಿಜಿಟಲ್ ವ್ಯಾಲೆಟ್‌ನಲ್ಲಿರೋ ಪ್ರಮಾಣಪತ್ರ ತೋರಿಸಿದ್ರೆ ಸಾಲಲ್ವಾ ಅನ್ನೋದು ಅಲ್ಲಿ ಮುಗಿಯದ ಜಗಳ. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2017ರ ಖಾಸಗಿತನದ ತೀರ್ಪು ಅದೇ ಕೇಸಲ್ಲಿ ಬಂದಿದ್ದು ಅಂದಾಗ ಊಟದ ಟೇಬಲ್‌ನಲ್ಲಿ ಅರ್ಧ ಗಂಟೆ ನನ್ನನ್ನ ಬಿಡಲೇ ಇಲ್ಲ.

ಐಐಡಬ್ಲ್ಯೂನಲ್ಲಿ ತೊಂದರೆನೂ ಇದೆ. ಹೊಸಬರಿಗೆ ಮೊದಲ ದಿನ ಒಂದಕ್ಷರ ಅರ್ಥ ಆಗಲ್ಲ, ಬರೀ ಶಾರ್ಟ್‌ಫಾರ್ಮು, ಬೇಕಾದ ಎರಡು ಸೆಷನ್ ಒಂದೇ ಟೈಮಿಗೆ ಬೀಳುತ್ತೆ.

ಈ ವರ್ಷ ಪಾಸ್‌ಕೀ ಹಾಕಲೇಬೇಕು ಅನ್ನೋ ಟೀಮ್‌ನೋರು ಕಣ್ಮುಚ್ಚಿ ಆಥೆಂಟಿಕೇಟ್‌ಗೆ ಹೋಗಿ. ಮುಂದೇನು ಬರುತ್ತೆ ಅನ್ನೋ ಕುತೂಹಲ ಇರೋರಿಗೆ, ತಲೇಲಿ ಒಂದು ಗಟ್ಟಿ ಪ್ರಶ್ನೆ ಇರೋರಿಗೆ ಐಐಡಬ್ಲ್ಯೂ. ನನ್ನ ಓಟು ಅದಕ್ಕೇ. ಅಕ್ಟೋಬರ್ ತಪ್ಪಿದ್ರೆ ಏಪ್ರಿಲ್ ಸುಮಾರಿಗೆ ಇನ್ನೊಂದು ಇರುತ್ತೆ. ಅಜೆಂಡಾನೇ ಇಲ್ದೆ ಮ್ಯಾನೇಜರ್‌ಗೆ ಏನು ತೋರಿಸೋದು ಅಂತೀರಾ, ಹಿಂದಿನ ಸಲದ ಸೆಷನ್ ನೋಟ್ಸ್ ಎಲ್ಲ ಸೇರಿಸಿ ಅವರೇ ಪುಸ್ತಕ ಮಾಡಿ ಫ್ರೀ ಹಾಕಿರ್ತಾರೆ, ನಿಮ್ಮ ಕೆಲಸಕ್ಕೆ ಹತ್ತಿರದ ನಾಲ್ಕು ಪುಟ ಆರಿಸಿ ಕಳಿಸಿ.