ಜರ್ಕಿನ್ ಒಂದಿದ್ದರೆ ಸಾಕು ಅಂದುಕೊಂಡಿದ್ದೆ

ಮೊದಲೇ ಹೇಳಿಬಿಡುತ್ತೇನೆ, ಬೇಸಿಗೆಯಲ್ಲಿ ಬೆಟ್ಟ ಹತ್ತುವುದಾದರೆ ನನ್ನ ವೋಟು ತೆಳು ಬಟ್ಟೆಗಳಿಗೆ. ಒಂದರ ಮೇಲೊಂದು ಮೂರು. ಮೈಸೂರಿನಲ್ಲಿ 2,600 ರೂಪಾಯಿ ಕೊಟ್ಟು ದಪ್ಪ ಜರ್ಕಿನ್ ಕೊಂಡು, ಅದನ್ನು ಹಿಮಾಚಲದವರೆಗೂ ಹೊತ್ತ ಮೇಲೆ ಬಂದ ಬುದ್ಧಿ ಇದು.

ಹೋಗಿದ್ದು ಮನಾಲಿ ಹತ್ತಿರದ ಹಂಪ್ತಾ ಪಾಸ್‌ಗೆ, ಅಂದರೆ ಬೆಟ್ಟ ದಾಟುವ ಕಣಿವೆ ದಾರಿಗೆ, ಜೂನ್ ಕೊನೆಯಲ್ಲಿ. ಎತ್ತರ ಸುಮಾರು 4,270 ಮೀಟರ್. ನಮ್ಮ ಮೈಸೂರು 770ರ ಆಸುಪಾಸು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಣ್ಣಗಾಗುತ್ತದೆ ಅಂತ ಲೆಕ್ಕ ಹಾಕಿ ಅಂಗಡಿಯಲ್ಲಿ ಇದ್ದುದರಲ್ಲೇ ದಪ್ಪದ್ದು ಆರಿಸಿದ್ದೆ. ಜೊತೆಗೆ ಜೀನ್ಸು, ಕಾಟನ್ ಟೀ ಶರ್ಟು, ಅಮ್ಮ ತುರುಕಿದ ಮಂಕಿ ಕ್ಯಾಪು. ತಂಗಿ ಮಾತ್ರ ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟು, ಒಂದು ಫ್ಲೀಸು (ಉಣ್ಣೆಯ ಹಾಗೆ ಮೆತ್ತಗಿರುವ ಹಗುರ ಬಟ್ಟೆಯ ಸ್ವೆಟರ್), ಮೇಲೊಂದು ರೈನ್ ಜಾಕೆಟ್ ಇಟ್ಟುಕೊಂಡಳು. "ಇಷ್ಟೇನಾ? ನಡುಗಿ ಸಾಯ್ತೀಯ" ಅಂದೆ. "ನೋಡೋಣ ಬಾ ಅಣ್ಣ" ಅಂದಳು.

ಕೈ ಕೊಟ್ಟಿದ್ದು ಚಳಿಯಲ್ಲ, ಬಿಸಿಲು. ಚಿಕಾ ಕ್ಯಾಂಪಿನಿಂದ ಬಾಲೂ ಕಾ ಘೇರಾ ಕಡೆಗೆ ಹೊರಟಾಗ ಹಲ್ಲು ಕಟಕಟ ಅನ್ನುತ್ತಿತ್ತು. ಜರ್ಕಿನ್ ಹಾಕಿಕೊಂಡೆ. ಇಪ್ಪತ್ತು ನಿಮಿಷ ನಡೆದಿದ್ದೇ ತಡ, ಬೆನ್ನೆಲ್ಲ ಬೆವರು. ಬಿಚ್ಚಿ ಬ್ಯಾಗಿಗೆ ಹಾಕೋಣ ಅಂದರೆ ಹಾಸಿಗೆಯನ್ನೇ ತುರುಕಿದ ಹಾಗೆ, ಜಿಪ್ ಮುಚ್ಚುವುದಿಲ್ಲ. ಸೊಂಟಕ್ಕೆ ಕಟ್ಟಿದರೆ ಬಂಡೆ ಹತ್ತುವಾಗೆಲ್ಲ ಅದರ ತೋಳು ಮೊಣಕಾಲಿಗೆ ಬಡಿಯುತ್ತದೆ. ಮೋಡ ಬಂತು, ಹಾಕು. ಮೋಡ ಹೋಯಿತು, ಬಿಚ್ಚು. ತಂಗಿ ಸೆಕೆಯಾದರೆ ಫ್ಲೀಸು ತೆಗೆದು ಮಡಚಿಡುತ್ತಿದ್ದಳು, ಗಾಳಿ ಎದ್ದರೆ ಬರೀ ಜಾಕೆಟ್ ಹಾಕುತ್ತಿದ್ದಳು. ನನಗೆ ಇದ್ದಿದ್ದು ಎರಡೇ ದಾರಿ, ಬೇಯುವುದು ಇಲ್ಲ ನಡುಗುವುದು.

ಮಧ್ಯಾಹ್ನ ಮಳೆ ಹಿಡಿಯಿತು. ವಾಟರ್‌ಪ್ರೂಫ್ ಅಂತ ಹೇಳಿ ಕೊಟ್ಟಿದ್ದ ಜರ್ಕಿನ್ ಕಾಲು ಗಂಟೆ ತಡೆಯಿತು. ಆಮೇಲೆ ಹೊಲಿಗೆಯಲ್ಲಿ ನೀರು ಇಳಿದು ಒಳಗಿನ ಹತ್ತಿಯಂಥದ್ದು ಮುದ್ದೆ ಕಟ್ಟಿತು. ಟೆಂಟಿನಲ್ಲಿ ಹಿಂಡಿದೆ, ನೆನೆಸಿಟ್ಟ ಅವಲಕ್ಕಿ ಹಿಂಡಿದ ಹಾಗಾಯಿತು. ಒಳಗಿನ ಕಾಟನ್ ಟೀ ಶರ್ಟು ಬೆವರಿಗೇ ಒದ್ದೆಯಾಗಿತ್ತು, ಅದು ಬೇರೆ ಮೈಯ ಕಾವನ್ನೆಲ್ಲ ಹೀರುತ್ತಿತ್ತು. ರಾತ್ರಿ ತಂಗಿ ತನ್ನ ಫ್ಲೀಸು ಕೊಟ್ಟಳು. ತೋಳು ಮೊಣಕೈ ದಾಟಿ ನಾಲ್ಕು ಬೆರಳು ಬರುತ್ತಿತ್ತು, ಅಷ್ಟೇ. ಆದರೂ ಬೆಚ್ಚಗಿತ್ತು. ಅವಳು ಎರಡು ಟೀ ಶರ್ಟಿನ ಮೇಲೆ ರೈನ್ ಜಾಕೆಟ್ ಏರಿಸಿ ಸ್ಲೀಪಿಂಗ್ ಬ್ಯಾಗ್ ಸೇರಿದಳು. ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು.

ಪಾಸ್ ದಾಟಿ ಲಾಹೌಲ್ ಕಡೆ ಇಳಿದರೆ ಹಸಿರು ಮಾಯ, ಬರೀ ಕಂದು ಕಲ್ಲು. ಮಳೆ ಮೋಡಗಳನ್ನು ಬೆಟ್ಟ ಕುಲ್ಲು ಕಡೆಯಲ್ಲೇ ತಡೆದುಬಿಡುತ್ತದೆ. ಜರ್ಕಿನ್ ಒಣಗಿದ್ದು ಅಲ್ಲಿ, ಛತ್ರುವಿನಲ್ಲಿ. ಅಷ್ಟೊತ್ತಿಗೆ ಟ್ರೆಕ್ಕೇ ಮುಗಿದಿತ್ತು.

ಜೀನ್ಸ್ ಬಗ್ಗೆ ಒಂದೇ ಮಾತು, ಬೇಡ. ಮಂಕಿ ಕ್ಯಾಪ್ ಮಾತ್ರ ಅಮ್ಮ ಹೇಳಿದ ಹಾಗೇ ಉಪಯೋಗಕ್ಕೆ ಬಂತು.

ಊರಿಗೆ ಬಂದು 800ಕ್ಕೆ ಫ್ಲೀಸು, 1,700ಕ್ಕೆ ರೈನ್ ಜಾಕೆಟ್ ಕೊಂಡೆ. ಜರ್ಕಿನ್ನಿಗಿಂತ ನೂರು ರೂಪಾಯಿ ಕಮ್ಮಿಯೇ ಆಯಿತು. ಈ ಮೇ ತಿಂಗಳಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಪರೀಕ್ಷೆಯೂ ಆಯಿತು. ಮೆಟ್ಟಿಲು ಹತ್ತುವಾಗ ಬಿಸಿಲು, ಮೇಲೆ ಮಂಜು, ಇಳಿಯುವಾಗ ಗುಡುಗು ಮಳೆ. ಎರಡೂ ಸೇರಿ ಬ್ಯಾಗಿನಲ್ಲಿ ಒಂದು ಟಿಫಿನ್ ಕ್ಯಾರಿಯರ್‌ನಷ್ಟು ಜಾಗ ಹಿಡಿದವು. ದೋಷ ಇಲ್ಲ ಅಂತಲ್ಲ. ರೈನ್ ಜಾಕೆಟ್ ಒಳಗೆ ಬೆವರುತ್ತದೆ, ಕಂಕುಳ ಹತ್ತಿರ ಜಿಪ್ ಇರುವುದು ಸಿಕ್ಕಿದರೆ ಒಳ್ಳೆಯದು. ಬರೀ ಫ್ಲೀಸಿನಲ್ಲಿ ನಿಂತರೆ ಗಾಳಿ ಆಚೆಯಿಂದ ಈಚೆಗೆ ಹೋಗುತ್ತದೆ.

ಬೈಲಕುಪ್ಪೆಯ ಟಿಬೆಟಿಯನ್ನರ ಹತ್ತಿರ ಕೊಂಡ ಉಲ್ಲನ್ ಸ್ವೆಟರ್ ಮನೆಯಲ್ಲಿದೆ. ಫ್ಲೀಸಿಗಿಂತ ಬೆಚ್ಚಗೆ. ಆದರೆ ಭಾರ, ನೆಂದರೆ ಬೇಗ ಒಣಗುವುದಿಲ್ಲ. ಕ್ಯಾಂಪಿನಲ್ಲಿ ಕೂತಿರೋಕೆ ಸರಿ.

ಕಾರಿನಲ್ಲಿ ಊಟಿಗೆ ಹೋಗಿ, ದೊಡ್ಡಬೆಟ್ಟದಲ್ಲಿ ಫೋಟೋ ತೆಗೆಸಿಕೊಂಡು ಬರುವವರಿಗೆ ಜರ್ಕಿನ್ನೇ ಆರಾಮ, ಸುಮ್ನೆ ಬೇರೆ ಖರ್ಚು ಮಾಡಬೇಡಿ. ನನ್ನದು ಈಗ ಅಪ್ಪನ ಪಾಲಾಗಿದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಸ್ಕೂಟರಿನಲ್ಲಿ ಹಾಲು ತರೋಕೆ ಹೋಗುವಾಗ ಹಾಕಿಕೊಳ್ಳುತ್ತಾರೆ. ಇಷ್ಟು ಒಳ್ಳೇ ಮಾಲನ್ನು ಯಾಕೋ ಬೈತೀಯ ಅಂತ ನನಗೇ ಕೇಳುತ್ತಾರೆ.